ಬಣ್ಣ ಹಿಡಿಯದ ಉಣ್ಣೆ

ಚಿಂಚಲಿ
೬ ಜನವರಿ ೨೦೨೫

ಪ್ರೀತಿಯ ತಮ್ಮ ಶಿವಾಜಿಗೆ ಅಕ್ಕನ ಆಶೀರ್ವಾದ.

ಬೆನ್ನುನೋವು ಹೇಗಿದೆ? ಕಾಲೇಜಿನಲ್ಲಿ ನಿಂತು ಪಾಠ ಮಾಡಿದರೆ ಜಾಸ್ತಿಯಾಗುತ್ತದೆ ಎಂದಿದ್ದೆ. ನಿಪ್ಪಾಣಿಯಲ್ಲಿ ಚಳಿಯೂ ಇದ್ದೀತು, ಎಣ್ಣೆ ಬಿಸಿ ಮಾಡಿ ತಿಕ್ಕಿಸಿಕೋ. ನಿನ್ನ ಮಗಳು ರಾಜೇಶ್ವರಿಯ ಮದುವೆ ಸೀರೆಯ ಫೋಟೊ ನೋಡಿದೆ. ಕೂಸಿಗೆ ಒಪ್ಪುತ್ತದೆ.

ನಿನ್ನ ಬೆನ್ನಿಗೆ ಹುಟ್ಟಿದ ಮಾಳಸಿದ್ದ ಹಾವು ಕಡಿದು ಹೋಗಿ ನಾಲ್ಕು ತಿಂಗಳಾಯಿತು. ಅವನ ನಾಯಿ ಈಗಲೂ ಸಂಜೆ ಹಟ್ಟಿಯ ಬಾಗಿಲಲ್ಲಿ ಕೂತು ದಾರಿ ನೋಡುತ್ತದೆ. ನಾನು ಯಾರ ಮುಂದೆಯೂ ಅಳುವುದಿಲ್ಲ, ನೋಟಬುಕ್ಕಿನಲ್ಲಿ ಬರೆದಿಡುತ್ತೇನೆ. ಅವನ ದಿನಕರ್ಮದ ಊಟಕ್ಕೆ ನಿನ್ನ ಕಾಲೇಜಿನವರು ಬಂದಿದ್ದರಲ್ಲ, ನೀನು ಅವನ ಫೋಟೊ ತೋರಿಸಿ, ನಗುತ್ತ, "ಬ್ಲ್ಯಾಕ್ ಶೀಪ್ ಆಫ್ ದಿ ಫ್ಯಾಮಿಲಿ" ಎಂದೆ. ಶಾಲೆ ಬಿಟ್ಟು ಕುರಿ ಹಿಂದೆ ಹೋದವನಲ್ಲವೇ. ಬಡಿಸುತ್ತಿದ್ದ ನನಗೆ ಮಾತು ತಿಳಿಯಲಿಲ್ಲ, ಅವರು ನಕ್ಕಿದ್ದು ತಿಳಿಯಿತು. ಕಿವಿಗೆ ಬಿದ್ದಂತೆ ಬರೆದಿಟ್ಟೆ. ಮೊನ್ನೆ ಪಕ್ಕದ ಮನೆಯ ಕೋಮಲಳಿಗೆ ತೋರಿಸಿದೆ. ಹುಡುಗಿ ಮೊಬೈಲಿನಲ್ಲಿ ನೋಡಿ ತಲೆ ತಗ್ಗಿಸಿ, "ಮನ್ಯಾಗಿನ ಕರಿ ಕುರಿ, ಅಂದ್ರ ಮನಿ ಮಾನ ಕಳ್ಯಾಂವ ಅಂತ ಐತಿ ಅತ್ತಿ" ಎಂದಳು. ಆ ಮಾತು ಹುಟ್ಟಿದ್ದು ಹೇಗೆ ಎಂದು ಕೇಳಿದೆ. ಇಂಗ್ಲಿಷರ ನಾಡಿನಲ್ಲಿ ಕರಿ ಉಣ್ಣೆ ಬೇರೆ ಬಣ್ಣ ಹಿಡಿಯುವುದಿಲ್ಲವೆಂದು ವ್ಯಾಪಾರಿಗಳು ಮುಟ್ಟುತ್ತಿರಲಿಲ್ಲವಂತೆ. ಬಿಳಿ ಹಿಂಡಿನಲ್ಲಿ ಕರಿ ಮರಿ ಹುಟ್ಟಿದರೆ ದಂಡವಂತೆ.

ನಾಲ್ಕು ತಿಂಗಳಲ್ಲಿ ಮೊದಲ ಸಲ ನಕ್ಕೆ, ಶಿವಾಜಿ. ಕರಿ ಮರಿ ಹುಟ್ಟಿದರೆ ನಮ್ಮಪ್ಪ ಬೀರದೇವರಿಗೆ ಅರಿಸಿನದ ಭಂಡಾರ ಹಾರಿಸುತ್ತಿದ್ದ. "ಕರೀದು ಎಷ್ಟ ಮಳ್ಯಾಗ ನೆನದ್ರೂ ಬಣ್ಣ ಬಿಡೂದಿಲ್ಲ" ಎನ್ನುತ್ತಿದ್ದ. ನೀನೂ ಅದನ್ನು ಕೇಳಿಯೇ ಬೆಳೆದವನು. ಮದುವೆಯಲ್ಲಿ ನಿನ್ನ ತಲೆಯ ಮೇಲೆ ಅಕ್ಕಿಕಾಳು ಬಿದ್ದದ್ದೂ ಕರಿ ಕಂಬಳಿಯ ಮೇಲೆ ಕೂತಾಗಲೇ.

ನಿನ್ನ ಹೆಂಡತಿಗೆ ಕೇಳಿದೆನೆಂದು ಹೇಳು. ಬೀರದೇವರು ಕೂಸಿನ ಸಂಸಾರ ತಣ್ಣಗಿಡಲಿ.

ನಿನ್ನ ಅಕ್ಕ
ತಾರವ್ವ

ತಾ.ಕ.: ಮರೆತಿದ್ದೆ. "ಬೀಗರು ಹಳೀ ಮಂದಿ ಅಕ್ಕಾ, ತವರಿನ ಕರಿ ಕಂಬಳಿ ಇಲ್ಲದ ಅಕ್ಕಿಕಾಳ ಹಾಕೂದಿಲ್ಲಂತ, ಮಾಳ್ಯಾನ ಕುರೀದ ಕಳಸು" ಎಂದು ಫೋನ್ ಮಾಡಿದ್ದೆಯಲ್ಲ. ಅವನು ಕೊನೆಗೆ ಕತ್ತರಿಸಿದ ಉಣ್ಣೆ, ನಾನೇ ನೂತದ್ದು. ನೇಯ್ದು ಬಂದು ಪೆಟ್ಟಿಗೆಯಲ್ಲಿದೆ. ಕಳಿಸುವುದಿಲ್ಲ. ಸಂಕ್ರಾಂತಿ ಮುಗಿದ ರವಿವಾರ ಬಾ. ಬೀರದೇವರ ಗುಡಿ ಮುಂದೆ ಹಿರಿಯರು ಕೂಡುತ್ತಾರೆ, ಬೀಗರಿಗೂ ಹೇಳಿ ಕಳಿಸಿದ್ದೇನೆ. ಅವತ್ತು ಅಂದ ಮಾತನ್ನು ಎಲ್ಲರ ಮುಂದೆ ಕನ್ನಡದಲ್ಲಿ ಹೇಳು, ಕಂಬಳಿ ಒಯ್ಯಿ. ಆಗದಿದ್ದರೆ ಪೇಟೆಯಲ್ಲಿ ಬಿಳಿಯದು ಕೊಂಡು ಕರಿ ಬಣ್ಣ ಹಾಕಿಸು. ಬಿಳಿ ಉಣ್ಣೆ ಯಾವ ಬಣ್ಣವನ್ನಾದರೂ ಕುಡಿಯುತ್ತದಂತೆ.