ಕಾಣದ ಚುಕ್ಕೆಗೆ ತೀರಿಸಿದ ಹರಕೆ

ಮೊಗುಡಂಪಲ್ಲಿ
20-8-2024, ಶ್ರಾವಣ ಮಂಗಳವಾರ

ನನ್ನ ಬಂಗಾರದಂಥ ಮೊಮ್ಮಗಳು ಸ್ವರೂಪಾಗೆ,

ನಿನ್ನ ಆಯಿ ಮೈಸಮ್ಮ ಮಾಡುವ ಆಶೀರ್ವಾದ. ಹೇಗಿದ್ದೀಯ ಕೂಸೇ? ತಾಂಡೂರಿನ ಕಲ್ಲುಗಣಿಯ ಧೂಳಿಗೆ ಬರುತ್ತಿದ್ದ ಕೆಮ್ಮು ನಿಂತಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಮನೆಯವರೆಲ್ಲ ಉಂಡೆದ್ದ ಮೇಲೆ ಗಡಿಗೆಯ ತಳ ಕೆರೆದು ತಿನ್ನುತ್ತೀಯೋ? ನಾನು ಇದ್ದೇನೆ. ಮೊಣಕಾಲು ಹಿಡಿದುಕೊಂಡಿವೆ, ಎಡಗಣ್ಣು ಮಬ್ಬಾಗಿದೆ, ಬಾಯಿ ಮಾತ್ರ ಚೆನ್ನಾಗಿದೆ. ಮೂರನೇ ಇಯತ್ತೆಗೆ ಬಿಟ್ಟ ಅಕ್ಷರ ನನ್ನದು, ಡೊಂಕಾಗಿದ್ದರೆ ನಗಬೇಡ.

ಫೋನು ಬಿಟ್ಟು ಕಾಗದ ಯಾಕೆ ಎಂದರೆ, ನಿನ್ನ ಫೋನು ಈಗ ನಿನ್ನ ಅತ್ತೆ ಲಚ್ಚಮ್ಮನ ಸೆರಗಿನ ಗಂಟಿನಲ್ಲಿದೆ. ನಾನು ಮಾಡಿದಾಗಲೆಲ್ಲ ಅವಳೇ ಎತ್ತಿ, ನೀನು ಮಲಗಿದ್ದೀಯ ಎನ್ನುತ್ತಾಳೆ. ಸೊಸೆಯನ್ನು ಹಗಲೆಲ್ಲ ಮಲಗಲು ಬಿಡುವಷ್ಟು ಒಳ್ಳೆಯವಳು ಅವಳು ಯಾವಾಗ ಆದಳೋ. ಆ ಮನೆಯಲ್ಲಿ ಎಲ್ಲರೂ ತೆಲುಗು ಓದಿದವರು, ಕನ್ನಡ ಸಾಲೆಗೆ ಹೋದವಳು ನೀನೊಬ್ಬಳೇ. ಅದಕ್ಕೇ ಬರೆಯಲು ಕೂತೆ. ಬಳೆ ಮಾರುವ ಲಕ್ಷ್ಮಿಬಾಯಿ ಶ್ರಾವಣದ ವ್ಯಾಪಾರಕ್ಕೆ ತಾಂಡೂರಿಗೆ ಬರುತ್ತಾಳೆ. ಹಸಿರು ಬಳೆಗೆ ಇದನ್ನೇ ಸುತ್ತಿ ನಿನ್ನ ಕೈಗೆ ಕೊಡುತ್ತಾಳೆ. ಬಳೆ ತೊಟ್ಟು ಕಾಗದ ಎಸೆದುಬಿಟ್ಟೀಯ, ಜೋಕೆ.

ನಿನ್ನ ಅವ್ವ ಭೂದೇವಿ ಎದೆಯ ಕ್ಯಾನ್ಸರಿನಿಂದ ನಿನ್ನ ವಯಸ್ಸಿನಲ್ಲೇ ಹೋದಳು ಎಂದೇ ಹೈದರಾಬಾದಿನ ಡಾಕ್ಟರಮ್ಮ ನಿನಗೆ ಎಮ್ಮಾರೈ ಮಾಡಿಸಿದ್ದು. ಆ ಕೊಳವೆಯಂಥ ಮಷೀನಿನಲ್ಲಿ ಬೋರಲು ಮಲಗಿ ಎದ್ದು ಬಂದಾಗ ನಿನ್ನ ಹಣೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. ಒರೆಸಿದರೆ ಹೋಗುತ್ತದೆಯೇನೋ ಎಂಬಂತೆ ನಾನು ಸೆರಗಿನಿಂದ ಒರೆಸಿದೆ. ಬಲಗಡೆ ಜೋಳದ ಕಾಳಿಗಿಂತ ಸಣ್ಣ ಚುಕ್ಕೆ ಕಂಡಿದೆ, ಕೈಗೆ ಸಿಗುವಂಥದ್ದಲ್ಲ, ಅದೇ ಜಾಗವನ್ನು ಅಲ್ಟ್ರಾಸೌಂಡ್ ಇಟ್ಟು ಹುಡುಕೋಣ, ಸಿಕ್ಕರೆ ಅಲ್ಲೇ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸೋಣ ಎಂದು ಡಾಕ್ಟರಮ್ಮ ಹೇಳಿದಳು. ಹುಡುಕುವ ದಿನ ನಾನು ಟಿವಿಯಂಥ ಪರದೆ ನೋಡಲಿಲ್ಲ, ಅವಳ ಮುಖ ನೋಡುತ್ತ ಕೂತಿದ್ದೆ. ಅಂಟು ಹಚ್ಚಿ ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು, ಕೊನೆಗೆ ಇದರಲ್ಲಿ ಕಾಣುತ್ತಿಲ್ಲ ಎಂದಳು. ಅಷ್ಟು ಕೇಳಿದ್ದೇ ನಿನ್ನ ಗಂಡ ಸತೀಶಕುಮಾರ ಫೋನು ಹಿಡಿದು ಹೊರಗೆ ಓಡಿದ. ಬಾಗಿಲಾಚೆಯಿಂದ ನನಗೆ ಕೇಳಿಸುತ್ತಿತ್ತು: “ಅವ್ವಾ, ಏನೂ ಇಲ್ಲಂತ, ಎಲ್ಲಾ ಸಾಫ್ ಅದ.”

ಡಾಕ್ಟರಮ್ಮನ ಉಳಿದ ಮಾತು ಕೇಳಿದವರು ನಾವಿಬ್ಬರೇ. ಇದರಲ್ಲಿ ಕಾಣದಿದ್ದರೆ ಅದು ಇಲ್ಲ ಎಂದಲ್ಲ, ಅಲ್ಲಿ ಬೋರಲು ಮಲಗಿದ್ದೆ, ಇಲ್ಲಿ ಅಂಗಾತ ಮಲಗಿದ್ದೀ, ಜಾಗ ಸರಿದಿರುತ್ತದೆ, ಕೆಲವು ಅಲ್ಟ್ರಾಸೌಂಡಿಗೆ ಕಾಣುವುದೇ ಇಲ್ಲ ಎಂದಳು. ಇಂಥವು ಎಷ್ಟೋ ಏನೂ ಅಲ್ಲದ್ದೇ ಆಗುತ್ತವೆ, ಆದರೆ ಆ ಎಮ್ಮಾರೈ ಮಷೀನಿನಲ್ಲೇ ಮಲಗಿಸಿ ಸೂಜಿ ಹಾಕದೆ ನಾನು ಹೇಳಲಾರೆ ಎಂದಳು. ನೀನು ಅಂಟು ಒರೆಸಿಕೊಳ್ಳುತ್ತ ತಲೆಯಾಡಿಸಿದೆ. ಮರೆತೆ ಎಂದು ನನಗೆ ಹೇಳಬೇಡ.

ನಾವು ತಾಂಡೂರು ಮುಟ್ಟುವುದರೊಳಗೆ ಲಚ್ಚಮ್ಮ ಹೊಸ ಗಡಿಗೆಗೆ ಅರಿಶಿನ ಬಳಿದು, ಅನ್ನ ತುಂಬಿ, ಬೇವಿನ ಸೊಪ್ಪು ಕಟ್ಟಿ ದೀಪ ಇಟ್ಟಾಗಿತ್ತು. ನಿನಗೇನೂ ಇಲ್ಲ ಎಂದು ಬಂದರೆ ಓಣಿಯ ದೇವಿ ಪೋಚಮ್ಮನಿಗೆ ಅನ್ನದ ಗಡಿಗೆಯ ಬೋನ ಕೊಡುತ್ತೇನೆ ಎಂದು ಹರಕೆ ಹೊತ್ತಿದ್ದಳಂತೆ. ತಲೆಯ ಮೇಲೆ ಬೋನ ಹೊತ್ತು ಹೊರಟೇಬಿಟ್ಟಳು. ಕೋಳಿ ಕೊಯ್ದರು, ಓಣಿಯವರೆಲ್ಲ ಉಂಡರು. ಕೆಲಸ ಇನ್ನೂ ಮುಗಿದಿಲ್ಲ, ಸೂಜಿ ಬಾಕಿ ಇದೆ ಎಂದು ನಾನು ಹೇಳಿದ್ದಕ್ಕೆ ಅವಳು ಕೊಟ್ಟ ಜವಾಬು ನಿನಗೂ ಗೊತ್ತಿದೆ. “ಹರಕಿ ತೀರ್ಸೀವಿ ಅಮ್ಮಾ. ತಾಯಿ ಬೋನ ತಗೊಂಡಾಳ. ಈಗ ಮತ್ತ ಸೂಜಿ ಹಾಕ್ಸಾಕ ಹೋದ್ರ ಆಕಿ ಸುಳ್ಳಿ ಅಂದಂಗ ಆಗ್ತದ, ಮನಿಗಿ ಒಳ್ಳೇದಲ್ರಿ.” ನಾನು ಸುಮ್ಮನಿರುವವಳೇ? “ಪೋಚಮ್ಮ ಡಾಕ್ಟರಕಿ ಯಾವಾಗ ಕಲ್ತಾಳ್ರಿ?” ಎಂದೆ. ಆ ದಿನದಿಂದ ನಿನ್ನ ಫೋನು ಅವಳ ಸೆರಗು ಸೇರಿತು.

ಸೂಜಿಗೆ ಕೊಟ್ಟಿದ್ದ ಗುರುವಾರ ನಿನ್ನನ್ನು ಕರೆದೊಯ್ಯಲು ನಾನು ಬಂದಿದ್ದೆ. ನೀನು ನಾರಾಯಣಖೇಡಕ್ಕೆ, ಯಾರೋ ಬಸುರಿಯ ಕುಬಸಕ್ಕೆ ಹೋಗಿದ್ದೀಯ ಎಂದಳು ಲಚ್ಚಮ್ಮ. ನಿನ್ನ ಚಪ್ಪಲಿ ಬಾಗಿಲಲ್ಲೇ ಇದ್ದವು, ಉಂಗುಟ ಹರಿದಾಗ ನಾನೇ ಕಪ್ಪು ದಾರದಲ್ಲಿ ಹೊಲಿದುಕೊಟ್ಟವು. “ಬರಿಗಾಲಾಗ ಹೋಗ್ಯಾಳೇನ್ರಿ ಕುಬಸಕ್ಕ?” ಎಂದು ಕೇಳಿದೆ. ಚಹಾ ತಂದಿಟ್ಟಳು. ಪರದೆಯ ಹಿಂದೆ ಬಳೆ ಸದ್ದಾಗುತ್ತಿತ್ತು, ನನ್ನ ಮಾತು ಕೇಳಿ ಅದೂ ನಿಂತಿತು. ಅವಳ ಮೇಲೆ ನನಗೆ ಸಿಟ್ಟಿದೆ, ಅದು ಇರಲಿ, ಅದರಿಂದ ನಾನು ಸಾಯುವುದಿಲ್ಲ. ನೀನು ಹೊರಗೆ ಬರಲಿಲ್ಲವಲ್ಲ, ಅದು ನನ್ನನ್ನು ಹಣಿಯಿತು. ಬಸ್ಸಿನಲ್ಲಿ ಕೂತು ಬರುವಾಗ ತಿಳಿಯಿತು: ಕಾಣಲಿಲ್ಲ ಎಂಬ ಆ ಅರ್ಧ ಮಾತು ನಿನಗೂ ಬೇಕಾಗಿದೆ.

ನಿನ್ನ ಅವ್ವನೂ ಹೀಗೇ ಒಳಗೆ ಕೂತಳು. ಅವಳದು ಕೈಗೇ ಸಿಗುತ್ತಿತ್ತು, ಆದರೂ ಕಳೆ ತೆಗೆಯುವುದು ಮುಗಿಯಲಿ, ರಾಶಿ ಆಗಲಿ ಎಂದಳು. ಕೊನೆಕೊನೆಗೆ ಗಾಯದ ವಾಸನೆಗೆ ಊರವರು ಹೊಸ್ತಿಲಾಚೆಯೇ ನಿಂತು ಮಾತಾಡಿಸಿ ಹೋಗುತ್ತಿದ್ದರು. ನಾನು ಬೇವಿನೆಲೆ ಕುದಿಸಿದ ನೀರಿನಲ್ಲಿ ಅರಿವೆ ಅದ್ದಿ ಒರೆಸುತ್ತಿದ್ದೆ, ನೀನು ನನ್ನ ಬೆನ್ನಿಗೆ ಅಂಟಿಕೊಂಡು ಕೂತಿರುತ್ತಿದ್ದೆ. ಆಗ ಪೋಚಮ್ಮನಿಗೆ ನಾನೂ ಬೋನ ಹೊತ್ತವಳೇ. ಅವಳು ಅನ್ನ ಉಂಡಳು, ಮಗಳನ್ನೂ ಉಂಡಳು. ಆ ಗಾಯ ಒರೆಸುವ ಕೆಲಸ ಇನ್ನೊಮ್ಮೆ ಮಾಡು ಎಂದರೆ ಈ ಕೈ ಏಳುವುದಿಲ್ಲ ಸ್ವರೂಪಾ. ಬೆಳಗಾದರೆ ಹೊಲಕ್ಕೆ ಹೋಗುತ್ತೇನೆ, ಪಸ್ತಾಪುರದ ಹೆಂಗಸರ ಸಂಘಕ್ಕೆ ಹೋಗಿ ನವಣೆಯ ಬೀಜ ಹಸನು ಮಾಡುತ್ತೇನೆ, ಮುಂದಿನ ವರ್ಷ ಇದನ್ನು ಯಾರಿಗಾಗಿ ಬಿತ್ತಬೇಕು ಎಂಬುದು ತಿಳಿಯುವುದಿಲ್ಲ. ಈ ಕಾಗದದಿಂದ ಏನಾದರೂ ಆಗುತ್ತದೆ ಎಂಬ ನಂಬಿಕೆಯೂ ನನಗಿಲ್ಲ. ಬರೆಯದೆ ಇರಲು ಆಗಲಿಲ್ಲ, ಅಷ್ಟೇ.

ಸತೀಶಕುಮಾರನಿಗೆ ಆಶೀರ್ವಾದ, ಪೂರ್ತಿ ಮಾತು ಕೇಳುವ ಕಿವಿ ಅವನಿಗೆ ಬರಲಿ. ಅತ್ತೆಗೆ ನನ್ನ ನಮಸ್ಕಾರ ಹೇಳಬೇಡ, ಹೇಳಿದರೆ ಕಾಗದ ಬಂದದ್ದು ತಿಳಿಯುತ್ತದೆ. ನಿನ್ನ ಆಯುಷ್ಯ ನನಗಿಂತ ಉದ್ದವಾಗಿರಲಿ.

ನಿನ್ನ ಆಯಿ,
ಮೈಸಮ್ಮ

ಒಂದು ಮಾತು ಮರೆತಿದ್ದೆ, ಲಕ್ಷ್ಮಿಬಾಯಿ ಆಗಲೇ ಬಾಗಿಲಲ್ಲಿ ನಿಂತಿದ್ದಾಳೆ. ಆ ಗುರುವಾರ ವಾಪಸು ಬರುವಾಗ ನಿಮ್ಮ ಓಣಿಯ ಪೋಚಮ್ಮನ ಗುಡಿಗೇ ಹೋಗಿ, ನಿನ್ನ ಹೆಸರಿನಲ್ಲಿ ಅರಿಶಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ಮುಡುಪು ಬಿಗಿದು ಬಂದಿದ್ದೇನೆ, ಪೂಜಾರಿ ನೋಡಿದ್ದಾನೆ. ಸೂಜಿಯ ಜವಾಬು ಏನೇ ಬರಲಿ, ಅದನ್ನು ನೀನೇ ಬಂದು ಬಿಚ್ಚಬೇಕು. ಗಂಟು ಇರುವತನಕ ಹರಕೆ ತೀರಿದೆ ಎನ್ನಲು ಲಚ್ಚಮ್ಮನಿಗೂ ಬಾಯಿಲ್ಲ. ನಂಬಿ ಕಟ್ಟಿದ್ದಲ್ಲ ಕೂಸೇ, ಅವಳ ಬಾಯಿಗೆ ಕಟ್ಟಿದ್ದು. ಸಂಘದ ಹುಡುಗಿ ದವಾಖಾನೆಗೆ ಫೋನು ಮಾಡಿ ಸೂಜಿಗೆ ಮತ್ತೆ ತಾರೀಖು ಕೇಳಿದಳು, ಇದೇ ತಿಂಗಳ ಇಪ್ಪತ್ತೊಂಬತ್ತು, ಗುರುವಾರವೇ. ಬೆಳಗಿನ ಮೊದಲ ಬಸ್ಸಿನ ಹೊತ್ತಿಗೆ ತಾಂಡೂರು ಬಸ್‌ಸ್ಟ್ಯಾಂಡಿನಲ್ಲಿ ಕೂತಿರುತ್ತೇನೆ. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಾ, ಅವು ಅಲ್ಲಿದ್ದರೆ ನೀನು ಒಳಗಿದ್ದೀಯ ಎಂದುಕೊಳ್ಳುತ್ತಾರೆ. ನಿನ್ನ ಕಾಲಿಗೆ ಬೇರೆ ಜೊತೆ ನಾನು ತರುತ್ತೇನೆ.