ಟೋಪಿಪಿನ್ನಿನ ಉದ್ದ ಅಳೆದ ಮೇಯರರಿಗೆ

ಮಾನ್ಯ ಮೇಯರ್ ಅವರೇ,

ಕಳೆದ ಮಂಗಳವಾರ ಸಂಜೆ ನಮ್ಮೂರಿನ ಟ್ರಾಮಿನಲ್ಲಿ ಒಬ್ಬ ಗಂಡಸು ನನ್ನ ತಂಗಿಯ ಮಗಳು ಓಪಲ್‌ಳ ಮೈಮೇಲೆ ಕೈ ಹಾಕಿದ. ತಮ್ಮ ಪೊಲೀಸರು ಕೂಡಲೇ ಬಂದು ಓಪಲ್‌ಳನ್ನು ಹಿಡಿದರು. ಟೋಪಿಯನ್ನು ತುರುಬಿಗೆ ಸಿಕ್ಕಿಸುವ ಪಿನ್ನು ಒಂಬತ್ತು ಇಂಚು ಮೀರಬಾರದೆಂದು ಈ 1913ರ ವಸಂತದಲ್ಲಿ ತಾವು ಸಹಿ ಮಾಡಿದ ಕಾನೂನನ್ನು ಅವಳು ಮುರಿದಿದ್ದಳಂತೆ.

ಎದುರು ಸೀಟಿನಲ್ಲಿ ಕೂತು ಎಲ್ಲವನ್ನೂ ಕಂಡವಳು ನಾನು. ಆ ಮಹಾಶಯ ಟ್ರಾಮ್ ಕುಲುಕಿದಾಗಲೆಲ್ಲ ಓಪಲ್‌ಳತ್ತ ಸರಿಯುತ್ತಿದ್ದ. ಟ್ರಾಮ್ ನಿಂತ ಮೇಲೂ ಅವನ ಕುಲುಕಾಟ ನಿಲ್ಲಲಿಲ್ಲ. ಕೈ ಅವಳ ಸೊಂಟಕ್ಕೆ ಬಂದಾಗ ಅವಳು ಪಿನ್ನು ಕಿತ್ತು ಅವನ ತೊಡೆಗೆ ಚುಚ್ಚಿದಳು. ಅವನ ಬೊಬ್ಬೆಗೆ ಓಡಿಬಂದ ಪೇದೆ ಜೇಬಿನಿಂದ ಅಳತೆಪಟ್ಟಿ ತೆಗೆದ.

"ಹನ್ನೊಂದು ಇಂಚು ಇದೆ ಕಣಮ್ಮ. ಎರಡು ಜಾಸ್ತಿ."

"ಒಳಗೆ ಹೋಗಿದ್ದು ಅರ್ಧ ಇಂಚು ಅಣ್ಣ, ಮಿಕ್ಕಿದ್ದೆಲ್ಲ ಹೊರಗೇ ಇತ್ತು," ಎಂದಳು ಓಪಲ್. "ಇವ್ರ ಕೈ ಎಲ್ಲಿತ್ತು ಅಂತ ಕೇಳಲ್ವಾ?"

"ಕೈ ಅಳೆಯೋಕೆ ಕಾನೂನಿಲ್ಲಮ್ಮ."

"ಕೊಡಪ್ಪ ಆ ಪಟ್ಟಿ, ನಾನು ಅಳೀತೀನಿ," ಎಂದು ಪಕ್ಕದಲ್ಲಿದ್ದ ಬೇಕರಿಯ ಮಿಸೆಸ್ ಹಾಲ್ವರ್ಸನ್ ಎದ್ದರು. ಮಹಾಶಯನಿಗೆ ತಟ್ಟನೆ ತಾನಿಳಿಯುವ ನಿಲ್ದಾಣ ನೆನಪಾಯಿತು.

ಪೇದೆ ಪಿನ್ನನ್ನು ಸಾಕ್ಷಿಯೆಂದು ಇಟ್ಟುಕೊಂಡ. ಪಿನ್ನಿಲ್ಲದ ಟೋಪಿ, ಓಪಲ್ ಟ್ರಾಮಿನಿಂದ ಕೆಳಗಿಳಿದೊಡನೆ ಗಾಳಿಗೆ ಹಾರಿ ಹಾಲಿನ ಗಾಡಿಯ ಕುದುರೆಯ ಮೋರೆಗೆ ಬಡಿಯಿತು. ಕುದುರೆಯನ್ನು ಬೆದರಿಸಿದ್ದು ಅವಳ ಮೇಲಿನ ಎರಡನೆಯ ಆರೋಪವಾಯಿತು. ಹಿಂದೊಮ್ಮೆ ಹೆಂಗಸರು ಸೈಕಲ್ ಹತ್ತಿದಾಗಲೂ ಇದೇ ನಗರಸಭೆ ಕುದುರೆಗಳು ಬೆದರುತ್ತವೆಂದು ನಿರ್ಣಯ ಮಾಡಿತ್ತು, ನನಗೆ ನೆನಪಿದೆ. ಹೆಂಗಸರನ್ನು ಕಂಡರೆ ಇಷ್ಟು ಸಂಕೋಚಪಡುವ ಕುದುರೆಗಳ ಪಕ್ಕ ನಮ್ಮ ಗಂಡಸರನ್ನು ಸ್ವಲ್ಪ ದಿನ ಕಟ್ಟಿಹಾಕಬಾರದೇಕೆ? ಪಿನ್ನು ಮೋಟಾಗಲಿ ಎಂದು ಕೈಯೆತ್ತಿದ ಸದಸ್ಯರೊಬ್ಬರ ಅಂಗಡಿಯಲ್ಲೇ ಬಂಡಿಯ ಗಾಲಿಯಗಲದ ಟೋಪಿಗಳು ಮಾರಾಟವಾಗುತ್ತಿವೆ. ಅವನ್ನು ತಲೆಯ ಮೇಲೆ ನಿಲ್ಲಿಸುವುದು ಹೇಗೆ, ಪ್ರಾರ್ಥನೆಯಿಂದಲೇ?

ತಮ್ಮ ಕಚೇರಿಗೆ ಹೋದೆ. "ಹೆಂಗಸ್ರು ಮನೇಲಿದ್ರೆ ಪಿನ್ನೂ ಬೇಡ, ಕಾನೂನೂ ಬೇಡ ಮೇಡಂ," ಎಂದು ತಮ್ಮ ಕಾರ್ಯದರ್ಶಿ ಬುದ್ಧಿ ಹೇಳಿದರು. ಒಪ್ಪಿದೆ. ಆದರೆ ಓಪಲ್ ಕೆಲಸ ಮಾಡುವುದು ಟೆಲಿಫೋನ್ ಕೇಂದ್ರದಲ್ಲಿ, ಊರಿನ ಕರೆಗಳನ್ನೆಲ್ಲ ಕೈಯಿಂದ ಜೋಡಿಸಿಕೊಡುವ ಕೆಲಸ. ಅವಳಂಥವರು ಮನೆಯಲ್ಲೇ ಕೂತರೆ ತಾವು ಪೊಲೀಸರನ್ನು ಕರೆಯಲು ಕಿಟಕಿಯಿಂದ ಕೂಗಬೇಕಾದೀತು.

ನಗುವ ಮಾತು ಇಲ್ಲಿಗೆ ಮುಗಿಯಿತು. ಸೋಮವಾರ ವಿಚಾರಣೆ. ಶಿಕ್ಷೆಯಾದರೆ ಕೆಲಸಕ್ಕೆ ಬರಬೇಡ ಎಂದು ಮೇಲಧಿಕಾರಿ ಅವಳಿಗೆ ಹೇಳಿದ್ದಾರೆ. ತಂದೆಯಿಲ್ಲದ ಆ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಚುಚ್ಚಿಸಿಕೊಂಡವನಿಗೆ ಸಮನ್ಸು ಕೂಡ ಹೋಗಿಲ್ಲ.

ಆದ್ದರಿಂದ ಸೋಮವಾರಕ್ಕೆ ಮೊದಲು, ನನ್ನ ಈ ಬಹಿರಂಗ ಪತ್ರ ಅಚ್ಚಾಗುವ ಇದೇ ಪತ್ರಿಕೆಯಲ್ಲಿ, ತಮ್ಮ ಹೆಸರು ಹಾಕಿ ಉತ್ತರಿಸಿ: ಆ ಮನುಷ್ಯನನ್ನು ಯಾವ ದಿನ ಕೋರ್ಟಿಗೆ ಕರೆಸುತ್ತೀರಿ? ಕರೆಸುವುದಿಲ್ಲವಾದರೆ, ನಾಳೆ ಟ್ರಾಮ್ ಹತ್ತುವ ಹೆಣ್ಣು ಅಂಥ ಕೈಯನ್ನು ಏನು ಮಾಡಬೇಕು?

ಇಂತಿ,
ತಮ್ಮನ್ನು ಆರಿಸುವ ಹಕ್ಕಿಲ್ಲದೆ, ತಮ್ಮ ಕಾನೂನಿಗೆ ತಲೆಬಾಗುವ ಹೊಣೆ ಮಾತ್ರ ಇರುವ,
ಕಾರ್ನೀಲಿಯಾ ಥ್ಯಾಚರ್