ಎರಡು ಹಲ್ಲು ಕಡಿಮೆ

1967 ನವೆಂಬರ್ 6, ಹೊಸನಗರ

ಇವತ್ತೂ ಅದೇ ಹಾಡು. ಬೆಳಗಿನ ಬಸ್ಸಿನ ಹಿಂದೆ ಬಿದ್ದೆ. ಜೋಡುಮತ್ತಿ ಏರಿನಲ್ಲಿ ನನ್ನ ಮೋಟಾರ್ ಸೈಕಲ್ ಸುಸ್ತು. ಗೇರು ಮೂರರಿಂದ ಎರಡು, ಎರಡರಿಂದ ಒಂದು. ಬಸ್ಸು ಮುಂದೆ, ನಾನು ಹಿಂದೆ, ನಡುವೆ ಕೆಂಪು ಧೂಳು. ನೆತ್ತಿಯಲ್ಲಿ ಹೇಗೋ ಮುಂದೆ ಹೋಗಿ ಕೈ ಅಡ್ಡ ಹಿಡಿಯುವಷ್ಟರಲ್ಲಿ ಒಳಗೆ ಎಲ್ಲರ ಕೈಯಲ್ಲೂ ಟಿಕೆಟ್. ಆಗತಾನೆ ಹರಿದು ಕೊಟ್ಟದ್ದು. ಈ ಚಳಿಯಲ್ಲಿ ಕಂಡಕ್ಟರ್ ಹಣೆ ಮೇಲೆ ಬೆವರು! ಆದರೆ ಬರೆಯಲು ಏನಿದೆ? ಟ್ರಿಪ್ ಶೀಟಿಗೆ ಸಹಿ ಹಾಕಿ ಇಳಿದೆ. ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು.

ಅವರಿಗೆ ಲೆಕ್ಕ ಗೊತ್ತು. ಚೆಕಿಂಗ್ ಇನ್ಸ್‌ಪೆಕ್ಟರ್ ಹಿಂದೆ ಬರುತ್ತಿರುವುದು ಕಂಡರೆ ಸಾಕು, ಏರು ಹತ್ತಿ ಮುಗಿಯುವವರೆಗೆ ಟಿಕೆಟ್ ಹರಿಯಲು ಪುರಸೊತ್ತು.

ಮಧ್ಯಾಹ್ನ ಭಟ್ಟರ ಹೋಟೆಲು. ಬಸ್ಸಿನವರು ಮಾತಾಡುತ್ತಿದ್ದರು. ನಾನು ಒಳಗೆ ಕಾಲಿಟ್ಟೆ — ಮಾತು ನಿಂತಿತು. ನಾನು ಕೂತ ಬೆಂಚಿನಲ್ಲಿ ಇನ್ನೂ ಮೂವರಿಗೆ ಜಾಗವಿತ್ತು. ಇಬ್ಬರು ನಿಂತೇ ಕಾಫಿ ಕುಡಿದು ಹೋದರು.

ನವೆಂಬರ್ 9, ತೀರ್ಥಹಳ್ಳಿ

ಬಸ್ ಕಂಪನಿಯ ಧಣಿ ಮುಕುಂದಯ್ಯನವರು ಕರೆಸಿದ್ದರು. ಕಲೆಕ್ಷನ್ ಬಿದ್ದಿದೆ. ಬಸ್ಸು ತುಂಬಿ ಹೋಗುತ್ತದೆ, ಚೀಲ ತುಂಬುವುದಿಲ್ಲ.

"ಶೇಷಪ್ಪನೋರೆ, ನಿಮಗೆ ಮೋಟಾರ್ ಸೈಕಲ್ ಕೊಡ್ಸಿದ್ದು ಬಸ್ಸಿನ ಹಿಂದೆ ಧೂಳು ಕುಡೀಲಿ ಅಂತ ಅಲ್ಲ ಮಾರಾಯ್ರೆ."

"ಏರು ಹತ್ತೋದಿಲ್ಲ ಧಣಿ."

"ಹಂಗಾದ್ರೆ ಹತ್ತೋ ಹಂಗೆ ಮಾಡಿಸ್ಕೊಳ್ಳಿ."

ಅಷ್ಟೇ. ಯಾರ ಹತ್ತಿರ, ಎಲ್ಲಿ? ನಾನೂ ಕೇಳಲಿಲ್ಲ. ಕಾಫಿ ಕೊಟ್ಟರು.

ನವೆಂಬರ್ 12, ಭಾನುವಾರ

ಕೆಲಸವಿಲ್ಲ. ಬಟ್ಟೆ ಒಗೆದೆ. ಜಾವಾ ಗಾಡಿ ಒರೆಸಿದೆ. ಆಮೇಲೂ ಹೊತ್ತು ಮಿಕ್ಕಿತು. ಬಸ್ ಸ್ಟ್ಯಾಂಡಿಗೆ ಹೋಗಿ ಕಲ್ಲು ಬೆಂಚಿನ ಮೇಲೆ ಕೂತೆ. ಊರಿಗೆ ಹೋಗುವವರು, ಬರುವವರು. ಒಬ್ಬಾಕೆ ಗಂಟು ನನ್ನ ಪಕ್ಕ ಇಟ್ಟು, "ಸ್ವಲ್ಪ ನೋಡ್ಕೊಳ್ಳಿ ಅಣ್ಣ" ಎಂದು ಹೋದಳು. ನೋಡಿಕೊಂಡೆ. ಇಡೀ ದಿನ ನನ್ನೊಡನೆ ಯಾರಾದರೂ ಆಡಿದ ಮಾತು ಅದೊಂದೇ.

ನವೆಂಬರ್ 15

ಆಶ್ಚರ್ಯ. ಭಟ್ಟರ ಹೋಟೆಲಿನಲ್ಲಿ ಒಬ್ಬ ಬಂದು ನನ್ನ ಎದುರಿಗೇ ಕೂತ. ಗಿರಿಯಪ್ಪ. ತೀರ್ಥಹಳ್ಳಿಯಿಂದ ಸಾಗರಕ್ಕೆ ಹೋಗುವ ಮಧ್ಯಾಹ್ನದ ಬಸ್ಸಿನ ಡ್ರೈವರ್. ಆನಂದಪುರದ ಕಡೆಯವನು. ಇಲ್ಲಿ ಊಟಕ್ಕೆ ಬಸ್ಸು ನಿಲ್ಲುತ್ತದೆ. ಮುಖ ಗೊತ್ತಿತ್ತು, ಮಾತು ಇರಲಿಲ್ಲ.

"ನಿಮ್ಮ ಗಾಡಿ ಏರಲ್ಲಿ ನರಳೋದು ಕೇಳಿದ್ರೆ ಹೊಟ್ಟೆ ಉರೀತದೆ ಸಾರ್. ಎಲ್ಲಿಂದ ತಂದದ್ದು ಇದು?"

ಹೇಳಿದೆ. ದಾವಣಗೆರೆಯ ಹತ್ತಿ ವ್ಯಾಪಾರಿಯದು, ಧಣಿ ಸೆಕೆಂಡ್ ಹ್ಯಾಂಡ್ ಕೊಂಡದ್ದು.

"ಅದೇ ನೋಡಿ! ಮುಂದಿನ ಹಲ್ಲಿನ ಚಕ್ರ ದೊಡ್ಡದು ಹಾಕ್ಸಿದಾನೆ ಪುಣ್ಯಾತ್ಮ. ಅವ್ನ ರಸ್ತೆ ಚಾಪೆ ಹಾಸಿದ ಹಂಗೆ. ನಮ್ಮಲ್ಲಿ ಸಪಾಟು ಎಲ್ಲುಂಟು? ಎರಡು ಹಲ್ಲು ಕಡಿಮೆ ಇರೋದು ಹಾಕಿ. ಓಟ ಸ್ವಲ್ಪ ಹೋಗ್ತದೆ. ಎಳೆತ ಬರ್ತದೆ. ನಿಂತಲ್ಲಿಂದ ಎದ್ದು ಹೋಗ್ತದೆ."

"ನೀವು ಹೇಗೆ ಬಲ್ಲಿರಿ?"

"ಸಾಗರದಲ್ಲಿ ಗ್ಯಾರೇಜಲ್ಲಿದ್ದೆ, ಸ್ಟೇರಿಂಗ್ ಹಿಡಿಯೋಕೆ ಮುಂಚೆ. ತರಿಸ್ಕೊಳ್ಳಿ, ನಾನೇ ಹಾಕ್ಕೊಡ್ತೀನಿ."

ಆಮೇಲೆ ಅವನ ಕಂಡಕ್ಟರ್ ನಾಗರಾಜಪ್ಪನೂ ಬಂದು ಕೂತ. ಮೂವರ ಊಟ. ದುಡ್ಡು ಕೊಡಲು ಎದ್ದರೆ ಭಟ್ಟರು, "ಆಯ್ತು, ನಾಗರಾಜಪ್ಪ ಕೊಟ್ಟಾಯ್ತು" ಎಂದರು.

ನವೆಂಬರ್ 24

ಈಗ ದಿನವೂ ಒಟ್ಟಿಗೆ ಊಟ. ನಾನು ತಡವಾದರೆ ಗಿರಿಯಪ್ಪ ಎಲೆ ಹಾಕಿಸದೆ ಕಾಯುತ್ತಾನೆ. ಇಂಜಿನ್ನಿನ ವಿಷಯ ಬಿಟ್ಟರೆ ಅವನಿಗೆ ಬೇರೆ ಮಾತಿಲ್ಲ. ನನಗೆ ಅದೇ ಹಿತ. ನಾಗರಾಜಪ್ಪ ಮಾತುಗಾರ, ನಗಿಸುತ್ತಾನೆ. ನನ್ನ ಎಲೆಯ ದುಡ್ಡು ಕೊಡಲು ಅವನು ಬಿಡುವುದೇ ಇಲ್ಲ. "ಒಂಟಿ ಮನುಷ್ಯ, ಎಷ್ಟು ಉಣ್ತೀರಿ ನೀವು!" ಎನ್ನುತ್ತಾನೆ. ಒಂದೆರಡು ಸಲ ಜಗಳವಾಡಿದೆ. ಆಮೇಲೆ ಸುಮ್ಮನಾದೆ.

ಶಿವಮೊಗ್ಗದಿಂದ ಆ ಹಲ್ಲಿನ ಚಕ್ರ, ಸ್ಪ್ರಾಕೆಟ್, ಬಂತು. ಕಾಗದದಲ್ಲಿ ಸುತ್ತಿ, ಎಣ್ಣೆ ಹಚ್ಚಿ. ಅಂಗೈಯಷ್ಟು ಸಾಮಾನು. ಇದರಿಂದ ಅಷ್ಟು ಫರಕು ಆದೀತೇ?

ಡಿಸೆಂಬರ್ 3, ಭಾನುವಾರ

ಆನಂದಪುರಕ್ಕೆ ಹೋಗಿದ್ದೆ, ಗಿರಿಯಪ್ಪನ ಮನೆಗೆ. ಅಂಗಳದಲ್ಲಿ ಗೋಣಿ ಹಾಸಿ ಸಿದ್ಧನಾಗಿ ಕೂತಿದ್ದ. ಹೆಂಡತಿ ಕೆರಿಯಮ್ಮ ನೀರು, ಬೆಲ್ಲ ತಂದಿಟ್ಟರು.

ಚೈನಿನ ಕವರ್ ಬಿಚ್ಚಿದ. ಒಳಗಿನ ಮಣ್ಣು ಕಂಡು ನನ್ನ ಮುಖ ನೋಡಿದ — ಮಗುವಿಗೆ ಸ್ನಾನ ಮಾಡಿಸದ ತಾಯಿಯನ್ನು ನೋಡುವ ಹಾಗೆ. ಸೀಮೆಎಣ್ಣೆಯಲ್ಲಿ ತೊಳೆದ. ಹಳೆಯ ಹಲ್ಲಿನ ಚಕ್ರದ ನಟ್ಟು ಬಿಡಿಸಲು ಇಬ್ಬರೂ ಬೇಕಾಯಿತು. ನಾನು ಹಿಂದಿನ ಚಕ್ರ ಅದುಮಿ ಹಿಡಿದೆ, ಅವನು ಸ್ಪ್ಯಾನರಿನ ಮೇಲೆ ಕಾಲಿಟ್ಟು ನಿಂತ. ಹೊಸದು ಚಿಕ್ಕದಾದ್ದರಿಂದ ಚೈನು ಜೋತುಬಿತ್ತು. ಒಂದು ಕೊಂಡಿ ತೆಗೆದ. ಹಿಂದಿನ ಚಕ್ರ ಎಳೆದು ಬಿಗಿ ಮಾಡಿದ. ಬೆರಳಿನಿಂದ ಚೈನು ಎತ್ತಿ ಎತ್ತಿ ನೋಡಿದ. ನನ್ನ ಬೆರಳನ್ನೂ ಇಡಿಸಿದ. "ಇಷ್ಟು ಆಡ್ಬೇಕು. ಇದಕ್ಕಿಂತ ಜಾಸ್ತಿ ಅಲ್ಲ, ಕಮ್ಮಿ ಅಲ್ಲ."

"ಹಿಂದೆ ನಾನೂ ಕೂರ್ತೀನಿ ಸಾರ್. ಇಬ್ಬರನ್ನ ಹೊತ್ತರೆ ಮಾತ್ರ ಇದು ಗಾಡಿ."

ಆನಂದಪುರದ ಆಚೆಯ ಏರಿಗೆ ಹೋದೆವು. ಬುಡದಲ್ಲಿ ನಿಲ್ಲಿಸಿ, ನಿಂತಲ್ಲಿಂದ ಎತ್ತಲು ಹೇಳಿದ. ಎತ್ತಿದೆ. ಎದ್ದಿತು! ಎರಡರಲ್ಲಿ ಹತ್ತಿತು, ಅರ್ಧದಲ್ಲಿ ಮೂರಕ್ಕೆ ಹಾಕಿದರೂ ಎಳೆಯಿತು. ಗಿರಿಯಪ್ಪ ಹಿಂದಿನಿಂದ ನನ್ನ ಹೆಗಲು ಕುಲುಕುತ್ತ ಕೂಗುತ್ತಿದ್ದ. ಏನು ಕೂಗಿದನೋ ಗಾಳಿಗೆ ಕೇಳಲಿಲ್ಲ.

ಈ ಗಾಡಿಯ ಹಿಂದಿನ ಸೀಟಿನಲ್ಲಿ ಇಲ್ಲಿಯವರೆಗೆ ಯಾರೂ ಕೂತಿರಲಿಲ್ಲ.

ಊಟಕ್ಕೆ ಕೂರಿಸಿದರು. ಕೆರಿಯಮ್ಮ ಬಿಡಲಿಲ್ಲ. ಸಂಜೆ ಹೊರಟಾಗ ಬೇಗ ಹೊರಟೆನೇನೋ ಅನಿಸಿತು.

ಡಿಸೆಂಬರ್ 7

ಬೇರೆಯೇ ಗಾಡಿ. ತಿರುವಿನಲ್ಲಿ ನಿಧಾನ ಮಾಡಿ ಎತ್ತಿದರೆ ಜಿಗಿಯುತ್ತದೆ. ಸಂತೆಯ ದಿನ ಜನದ ನಡುವೆ ಕ್ಲಚ್ ಹಿಡಿದು ಹಿಡಿದು ಬೆರಳು ನೋಯುತ್ತಿತ್ತು, ಈಗ ಎರಡರಲ್ಲೇ ಸರಾಗ. ಸಪಾಟಿನಲ್ಲಿ ಮಾತ್ರ ಇಂಜಿನ್ ಕಿರುಚುತ್ತದೆ. ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ. ಕುಡಿಯಲಿ.

ಬೆಳಗಿನ ಬಸ್ಸನ್ನು ಏರಿನ ಅರ್ಧದಲ್ಲೇ ದಾಟಿ ಕೈ ಅಡ್ಡ ಹಿಡಿದೆ. ಕಂಡಕ್ಟರ್ ಟಿಕೆಟ್ ಪುಸ್ತಕ ಆಗತಾನೆ ಹೊರಗೆ ತೆಗೆದಿದ್ದ.

ಡಿಸೆಂಬರ್ 13

ಇನ್ನೊಬ್ಬ ಕಂಡಕ್ಟರ್ ಸಿಕ್ಕಿಬಿದ್ದ. ಹೋಟೆಲಿನಲ್ಲಿ ಈಗ ಮಾತು ನಿಲ್ಲುವುದಲ್ಲ, ಜನವೇ ಎದ್ದು ಹೋಗುತ್ತಾರೆ. ಇರಲಿ. ಗಿರಿಯಪ್ಪ ಕಾಯುತ್ತಿದ್ದ.

ಡಿಸೆಂಬರ್ 19, ತೀರ್ಥಹಳ್ಳಿ

ಧಣಿ ಬೆನ್ನು ತಟ್ಟಿದರು. ಆಮೇಲೆ ನಿಧಾನಕ್ಕೆ:

"ಎಲ್ಲಾ ಬಸ್ಸು ಹಿಡಿದ್ರಿ. ಮಧ್ಯಾಹ್ನದ್ದು ಒಂದನ್ನ ಹಿಡಿದಿಲ್ಲ."

"ಅದರಲ್ಲಿ ಏನೂ ಇಲ್ಲ ಧಣಿ."

"ನೋಡಿದ್ರಾ?"

ಕಾಫಿ ಲೋಟ ಕೆಳಗಿಟ್ಟೆ.

"ಅವ್ರ ಸಂಗಡ ಉಣ್ತೀರಂತೆ. ಉಣ್ಣಿ. ಬೇಡ ಅನ್ನಲ್ಲ. ಒಂದ್ಸಲ ನೋಡಿ ಬಂದು ಹೇಳಿ, ಸಾಕು."

ದಾರಿಯುದ್ದಕ್ಕೂ ಯೋಚನೆ. ಗಿರಿಯಪ್ಪನಿಗೆ ಮುಂಚೆಯೇ ಒಂದು ಮಾತು ಹೇಳಿಬಿಡಲೇ? ಹೇಳಿದರೆ ನಾನು ಯಾವ ಇನ್ಸ್‌ಪೆಕ್ಟರ್? ಹೇಳದಿದ್ದರೆ… ಅದರಲ್ಲಿ ಏನೂ ಇರಲಾರದು. ನೋಡಿದರೆ ಧಣಿಯ ಬಾಯಿಯೂ ಮುಚ್ಚೀತು.

ಡಿಸೆಂಬರ್ 21

ಊಟಕ್ಕೆ ಹೋಗಲಿಲ್ಲ. ಜೋಡುಮತ್ತಿ ಏರಿನ ಬುಡದಲ್ಲಿ, ಮರಗಳ ಹಿಂದೆ ನಿಂತೆ. ಬಸ್ಸು ಹೋಯಿತು. ಹಿಂದೆ ಬಿದ್ದೆ. ಅರ್ಧದೊಳಗೇ ದಾಟಿದೆ. ಕೈ ಅಡ್ಡ ಹಿಡಿದೆ.

ಗಿರಿಯಪ್ಪ ನಿಲ್ಲಿಸಿದ. ಕಿಟಕಿಯಿಂದ ತಲೆ ಹೊರಗೆ ಹಾಕಿದ. ಮುಖ ಅರಳಿತ್ತು.

"ಹತ್ತಿತಲ್ಲ ಸಾರ್! ನಾನು ಕನ್ನಡೀಲಿ ನೋಡ್ತಾನೇ ಇದ್ದೆ. ಎರಡರಲ್ಲೇ ಎದ್ದು ಬಂತಲ್ಲ! ನಾನು ಹೇಳಿರ್ಲಿಲ್ಲನಾ?"

ನಾನು ನಗಲಿಲ್ಲ. ಅವನು ನನ್ನ ಕೈಯಲ್ಲಿದ್ದ ರಿಪೋರ್ಟ್ ಪುಸ್ತಕ ನೋಡಿದ. ನಗು ಹಾಗೇ ಸ್ವಲ್ಪ ಹೊತ್ತು ಇತ್ತು, ಆಮೇಲೆ ಹೋಯಿತು.

ಒಳಗೆ ಹತ್ತಿದೆ. ಅರ್ಧಕ್ಕರ್ಧ ಜನರ ಕೈಯಲ್ಲಿ ಟಿಕೆಟ್ ಇಲ್ಲ. ದುಡ್ಡು ಕೊಟ್ಟಿದ್ದೇವೆ ಎನ್ನುತ್ತಾರೆ. ಚೀಲದ ದುಡ್ಡು ಟಿಕೆಟ್ ಪುಸ್ತಕಕ್ಕೆ ತಾಳೆ ಇಲ್ಲ. ನಾಗರಾಜಪ್ಪ ಹತ್ತಿರ ಬಂದು ಮೆಲ್ಲಗೆ, ನಗುತ್ತಲೇ, "ಕೆಳಗಿಳಿದು ಮಾತಾಡುವ ಬನ್ನಿ" ಎಂದ. ಇಳಿದೆ.

"ಬರೀತೀರಾ?"

"ಬರೀಲೇಬೇಕು."

"ದಿನಾ ಉಂಡಿರಲ್ಲ, ಅದೆಲ್ಲಿಂದ ಬಂತು ಅಂದ್ಕೊಂಡ್ರಿ? ನನ್ನ ಸಂಬಳದ್ದಾ? ಅದನ್ನೂ ಬರೀರಿ ಮತ್ತೆ."

ರಸ್ತೆ ಅಂಚಿನ ಹುಲ್ಲು ನೋಡುತ್ತ ನಿಂತೆ. ಬಸ್ಸಿನೊಳಗೆ ಮಗು ಅಳುತ್ತಿತ್ತು. ಗಿರಿಯಪ್ಪ ಇಳಿದು ಬಂದ.

"ಇವ್ರಿಗೆ ಪಾಲು ಇದೆಯಾ?" — ನಾಗರಾಜಪ್ಪನನ್ನು ಕೇಳಿದೆ.

ಗಿರಿಯಪ್ಪನೇ ಹೇಳಿದ. "ದುಡ್ಡು ಮುಟ್ಟಿಲ್ಲ ಸಾರ್. ಊಟ ಉಂಡಿದೀನಿ. ನಿಮ್ಮಂಗೇ."

ಬರೆದೆ. ಅಕ್ಷರ ಎಂದಿನಂತೆ ದುಂಡಗೇ ಬಂತು. ಅದೇ ಈಗ ಹೇಸಿಗೆ ತರುತ್ತದೆ.

1968 ಜನವರಿ 4

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ.

ನಾಗರಾಜಪ್ಪನನ್ನು ತೆಗೆದರು. ಗಿರಿಯಪ್ಪನನ್ನೂ ತೆಗೆದರು. ಕಂಡಕ್ಟರ್ ಜೊತೆ ಡ್ರೈವರನ್ನೂ ತೆಗೆಯುವುದು ಧಣಿಯ ಪದ್ಧತಿ. ನನ್ನ ರಿಪೋರ್ಟಿನಲ್ಲಿ ಅವನ ಹೆಸರು ಬರೆದಿರಲಿಲ್ಲ. ಬಸ್ಸಿನ ನಂಬರ್ ಬರೆದಿದ್ದೆ. ಅಷ್ಟು ಸಾಕಾಯಿತು.

ತೀರ್ಥಹಳ್ಳಿಗೆ ಹೋಗಿ ಕೂತೆ. "ಗಿರಿಯಪ್ಪ ದುಡ್ಡು ಮುಟ್ಟಿಲ್ಲ ಧಣಿ. ಕಂಡಕ್ಟರ್ ಕೊಟ್ಟ ಊಟ ಉಂಡ, ಅಷ್ಟೇ. ಅದು ತಪ್ಪು ಅಂದ್ರೆ ನಾನೂ ಉಂಡಿದೀನಿ. ನನ್ನನ್ನೂ ತೆಗೀರಿ."

ಮುಕುಂದಯ್ಯನವರು ಎಲೆ ಅಡಿಕೆ ತಟ್ಟೆ ಪಕ್ಕಕ್ಕೆ ಸರಿಸಿದರು. ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ.

"ಇದನ್ನ ಇನ್ನೊಬ್ಬರ ಹತ್ರ ಹೇಳ್ಬೇಡಿ ಶೇಷಪ್ಪನೋರೆ. ನೀವು ನನಗೆ ಬೇಕು. ಡ್ರೈವರ್‌ಗಳು ಬೇಕಾದಷ್ಟು ಸಿಗ್ತಾರೆ."

ಆಗಲೇ ರಾಜೀನಾಮೆ ಕೊಟ್ಟು ಎದ್ದುಬರಬಹುದಿತ್ತು. ಬರಲಿಲ್ಲ. ಎಲ್ಲಿಗೆ ಹೋಗಲಿ? ಊರಿನಲ್ಲಿ ಜಮೀನು ತಮ್ಮನ ಕೈಯಲ್ಲಿದೆ, ಮನೆಯಲ್ಲಿ ಅವನ ಸಂಸಾರ. ನನಗೆ ಎಂದು ಇರುವುದು ಈ ಕೋಣೆ, ಈ ಗಾಡಿ. ಗಾಡಿಯೂ ಧಣಿಯದು.

ಜನವರಿ 10

ಭಟ್ಟರ ಹೋಟೆಲಿಗೆ ಹೋಗುವುದು ಬಿಟ್ಟೆ. ಕೋಣೆಯಲ್ಲೇ ಗಂಜಿ. ಒಬ್ಬನಿಗೆ ಅಳತೆ ಸಿಗುತ್ತಿಲ್ಲ, ದಿನವೂ ಮಿಗುತ್ತದೆ.

ಜನವರಿ 21, ಭಾನುವಾರ

ಧೈರ್ಯ ಮಾಡಿ ಆನಂದಪುರಕ್ಕೆ ಹೋದೆ. ಕೆರಿಯಮ್ಮ ಅಂಗಳ ಗುಡಿಸುತ್ತಿದ್ದರು. ನನ್ನನ್ನು ಕಂಡು ಒಳಗೆ ಹೋದರು. ನೀರು ಬಂತು. ಬೆಲ್ಲ ಬರಲಿಲ್ಲ.

ಗಿರಿಯಪ್ಪ ಹೊರಗೆ ಬಂದ. ನನ್ನನ್ನು ನೋಡುವ ಮೊದಲು ಗಾಡಿ ನೋಡಿದ. ಕೂತು ಚೈನಿಗೆ ಬೆರಳಿಟ್ಟ. "ಸಡಿಲ ಆಗಿದೆ." ಸ್ಪ್ಯಾನರ್ ತಂದು ಬಿಗಿ ಮಾಡತೊಡಗಿದ. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ.

"ಧಣಿ ಹತ್ರ ಹೇಳಿದೆ ಗಿರಿಯಪ್ಪ. ಕೇಳಲಿಲ್ಲ."

"ಗೊತ್ತಾಯ್ತು."

"ನನ್ನ ಮೇಲೆ ಸಿಟ್ಟು ಇದ್ರೆ ಬೈದುಬಿಡಿ."

"ಸಿಟ್ಟು ಎಂತಕ್ಕೆ? ನಿಮ್ಮ ಕೆಲಸ ನೀವು ಮಾಡಿದ್ರಿ. ನಾಗರಾಜಪ್ಪನ್ನ ತಡೀಬೇಕಿತ್ತು ನಾನು, ತಡೀಲಿಲ್ಲ." ನಟ್ಟು ಬಿಗಿ ಮಾಡಿ ಕೈ ಒರೆಸಿಕೊಂಡ. "ಆದ್ರೆ ಒಂದು ಮಾತು ಸಾರ್. ಬಸ್ಸಿನವರೆಲ್ಲ ಎಂತ ಹೇಳ್ತಾರೆ ಗೊತ್ತುಂಟಾ? ಗಾಡಿ ಹತ್ತೋ ಹಂಗೆ ಮಾಡ್ಕೊಟ್ಟದ್ದು ಗಿರಿಯಪ್ಪ. ಜೊತೇಲಿದ್ದೇ ಎಲ್ಲರನ್ನೂ ಹಿಡಿಸಿದ, ನಾಗರಾಜಪ್ಪನ್ನೂ ಹಿಡಿಸಿದ. ಹಂಗಂತಾರೆ. ಯಾವ ಕಂಪನಿ ಬಾಗಿಲಿಗೆ ಹೋದ್ರೂ ಆ ಮಾತು ನನಗಿಂತ ಮುಂಚೆ ಹೋಗಿ ಕೂತಿರ್ತದೆ. ಈಗ ಒಬ್ರು ಲಾರಿಗೆ ಬಾ ಅಂದಿದಾರೆ. ನಿಮ್ಮ ಗಾಡಿ ನಮ್ಮ ಅಂಗಳದಲ್ಲಿ ನಿಂತದ್ದು ಯಾರಾದ್ರೂ ಕಂಡ್ರೆ…"

ಸ್ಪ್ಯಾನರ್ ಎತ್ತಿಕೊಂಡು ಎದ್ದ.

"ಬರೋದಿಲ್ಲ" ಎಂದೆ.

"ಬೇಜಾರು ಮಾಡ್ಕೋಬೇಡಿ."

"ಇಲ್ಲ."

ಗೇಟಿನವರೆಗೆ ಗಾಡಿ ತಳ್ಳಿಕೊಂಡೇ ಬಂದೆ. ರಸ್ತೆಗೆ ಬಂದ ಮೇಲೂ ಬಹಳ ದೂರ ಸ್ಟಾರ್ಟ್ ಮಾಡಲಿಲ್ಲ. ಸದ್ದಾಗುವುದು ಬೇಡ ಎಂದು.

ಜನವರಿ 30

ಕಲೆಕ್ಷನ್ ಏರಿದೆಯಂತೆ. ಧಣಿ ಸಂಬಳ ಹೆಚ್ಚಿಸಿದರು. ಹೇಳಲು ಯಾರೂ ಇಲ್ಲ.

ಫೆಬ್ರವರಿ 9

ಸಾಗರದಿಂದ ಬರುವಾಗ ಏರಿನಲ್ಲಿ ಮುಂದೊಂದು ಮರದ ದಿಮ್ಮಿ ಹೇರಿದ ನಾಟಾ ಲಾರಿ. ಹಾರ್ನ್ ಮಾಡಿದೆ. ಲಾರಿ ಎಡಕ್ಕೆ ಸರಿಯಿತು. ಕಿಟಕಿಯಿಂದ ಕೈ ಹೊರಗೆ ಬಂದು, ಹೋಗಿ ಎಂದು ಬೀಸಿತು. ದಾಟುವಾಗ ನೋಡಿದೆ. ಗಿರಿಯಪ್ಪ. ಕಣ್ಣು ರಸ್ತೆಯ ಮೇಲೆ. ಎಲ್ಲರಿಗೂ ಕೊಡುವ ಹಾಗೆ ನನಗೂ ಸೈಡ್ ಕೊಟ್ಟ.

ಕೆಲಸ ಸಿಕ್ಕಿತಲ್ಲ ಎಂದು ಸಮಾಧಾನ. ಸುಮ್ಮನೆ ಹೋಗಿಬಿಡಬೇಕಿತ್ತು. ನೆತ್ತಿಯಲ್ಲಿ ಗಾಡಿ ನಿಲ್ಲಿಸಿದೆ. ಅಲ್ಲಿ ಮನೆ ಇಲ್ಲ, ಜನ ಇಲ್ಲ, ಯಾರು ನೋಡುತ್ತಾರೆ? ಎರಡು ಮಾತು. ಕೆರಿಯಮ್ಮ ಹೇಗಿದ್ದಾರೆ, ಲಾರಿ ಹೇಗಿದೆ, ಅಷ್ಟೇ.

ಲಾರಿ ನಿಧಾನಕ್ಕೆ ಹತ್ತಿ ಬಂತು. ಕೈ ಎತ್ತಿದೆ. ಕ್ಲಚ್ ಒತ್ತಿದ್ದು, ಗೇರ್ ಬದಲಾದದ್ದು ಕೇಳಿಸಿತು. ವೇಗ ತಗ್ಗಿತು. ನಿಲ್ಲಿಸುತ್ತಾನೆ! ಅಂಚಿಗೆ ಸರಿದು ಜಾಗ ಬಿಟ್ಟು ನಿಂತೆ. ಮೊದಲು ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ.

ಇಳಿಜಾರಿಗೆ ಗೇರ್ ಇಳಿಸಿದ್ದು. ಬೇರೇನಲ್ಲ. ಲಾರಿ ನನ್ನ ಪಕ್ಕದಲ್ಲೇ ಇಳಿದು ಹೋಯಿತು. ನಾಟಾದ ತುದಿಗೆ ಕಟ್ಟಿದ ಕೆಂಪು ಬಟ್ಟೆ ತಿರುವಿನವರೆಗೂ ಕಾಣುತ್ತಿತ್ತು. ನಾನು ಇನ್ನೂ ಕೈ ಎತ್ತಿಕೊಂಡೇ ನಿಂತಿದ್ದೆ.